ಒತ್ತುವ ಬೆರಳು

“ಹೆಣ ಎಲ್ಲಿ?” ಎಂದರು ಮೇಷ್ಟ್ರು.

ಗೋಡೆಯ ಪರದೆಯ ಮೇಲೆ ಹಾಸಿಗೆ ಕಂಪನಿಯೊಂದಕ್ಕೆ ಅವಳು ಬರೆದ ಬ್ಲಾಗ್ ಇತ್ತು. ಬೆನ್ನುನೋವು, ಹತ್ತಿ, ಸ್ಪ್ರಿಂಗು, ಹತ್ತು ವರ್ಷದ ಗ್ಯಾರಂಟಿ. ಮೇಷ್ಟ್ರು ಪೆನ್ನಿನ ತುದಿಯಿಂದ ಪರದೆಯನ್ನು ಕುಟ್ಟಿದರು. “ಮೂರನೇ ಪ್ಯಾರಾ ಮುಗೀತು, ಇನ್ನೂ ಒಂದು ಹೆಣ ಬಿದ್ದಿಲ್ಲ. ಓದೋನು ಯಾಕೆ ಕೂತಿರ್ತಾನೆ? ನಿನ್ನ ಹತ್ತಿ ಬಿಡಿಸೋಕಾ?”

ಮೇಜಿನ ಸುತ್ತ ಕೂತಿದ್ದ ಆರೇಳು ಜನ ನಕ್ಕರು. ನಗು ಅವಳ ಕಡೆ ಹೊರಳಿದ ಕೂಡಲೇ ಅರ್ಧಕ್ಕೆ ನಿಂತಿತು. ಗಂಡ ಸತ್ತು ವರ್ಷ ತುಂಬದವಳ ಮುಂದೆ ಇಂಥ ಮಾತು ಬಂತಲ್ಲ ಎಂದು ಒಬ್ಬರು ನೀರಿನ ಬಾಟಲಿ ಎತ್ತಿಕೊಂಡರು, ಇನ್ನೊಬ್ಬರು ಫೋನು ನೋಡಿಕೊಂಡರು. ಮೇಷ್ಟ್ರಿಗೆ ಮಾತ್ರ ಅದು ಹೊಳೆಯಲೇ ಇಲ್ಲ.

“ಹಾಸಿಗೆಗೆ ಹೆಣ ಎಲ್ಲಿಂದ ತರಲಿ ಸರ್?” ಎಂದಳು ಅವಳು.

“ಅಜ್ಜಿ ಒಬ್ಬಳನ್ನ ತಾ. ಗಟ್ಟಿ ಹಾಸಿಗೆ ಮೇಲೆ ನರಳಿ ನರಳಿ ಹೋದ ಅಜ್ಜಿ. ಯಾರ ಮನೇಲಿ ಅಜ್ಜಿ ಸತ್ತಿಲ್ಲ ಹೇಳು?”

“ನನ್ನ ಅಜ್ಜಿ ಇನ್ನೂ ಇದ್ದಾರೆ ಸರ್. ಮೆಟ್ಟಿಲು ಹತ್ತಿ ಇಳೀತಾರೆ.”

“ಬ್ಲಾಗಲ್ಲಿ ಸಾಯಿಸು. ಮನೇಲಿ ಇಟ್ಕೋ,” ಎಂದರು ಮೇಷ್ಟ್ರು. ಈ ಸಲ ಎಲ್ಲರೂ ನಿರಾಳವಾಗಿ ನಕ್ಕರು.

ಅವರು ಶಾಲೆಯ ಮೇಷ್ಟ್ರಲ್ಲ. ಓದುಗರನ್ನು ಹಿಡಿದಿಡುವ ಬ್ಲಾಗು ಬರೆಯುವುದು ಹೇಗೆ ಎಂದು ಕಲಿಸುತ್ತಿದ್ದುದರಿಂದ ಬಂದ ಹೆಸರು ಅದು. ಕನ್ನಡಕದಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲಿ ಅವರ ಆಫೀಸು. ಹಾಸಿಗೆಯವರಿಗೆ, ನೀರಿನ ಫಿಲ್ಟರಿನವರಿಗೆ, ಮಂಡಿನೋವಿನ ಡಾಕ್ಟರಿಗೆ ಅಲ್ಲಿ ಬರಹ ತಯಾರಾಗುತ್ತಿತ್ತು. ಅದು ಹೊಟ್ಟೆಪಾಡು. ಕೀರ್ತಿ ಬಂದದ್ದು ಅವರ ಸ್ವಂತ ಬ್ಲಾಗಿನಿಂದ. ಪ್ರತಿ ಗುರುವಾರ ಬೆಳಿಗ್ಗೆ ಹತ್ತಕ್ಕೆ ಲಕ್ಷಗಟ್ಟಲೆ ಜನ ಅದಕ್ಕಾಗಿ ಕಾಯುತ್ತಿದ್ದರು. ಪುಟದ ನೆತ್ತಿಯಲ್ಲಿ ಸದಾ ಒಂದು ಸಾಲು ಇರುತ್ತಿತ್ತು: ‘ನಿಮ್ಮ ಬದುಕನ್ನು ನಿಮ್ಮ ಕೈಯಿಂದಲೇ ಬರೆಯಿರಿ.’

ಆ ಸಾಲನ್ನು ಬರೆದವನು ಅವಳ ಗಂಡ. ಅದೊಂದನ್ನೇ ಅಲ್ಲ. ಆರು ವರ್ಷ, ಒಂದು ಗುರುವಾರವೂ ತಪ್ಪದೆ, ಮೇಷ್ಟ್ರ ಬಡ ಬಾಲ್ಯ, ಮೇಷ್ಟ್ರ ಸೋಲು, ಮೇಷ್ಟ್ರು ತಾಯಿಗೆ ಹೇಳದೆ ಉಳಿದ ಮಾತು ಎಲ್ಲವನ್ನೂ ಅವನೇ ಬರೆದಿದ್ದ. ಅವನು ಹೋಗಿ ಎರಡು ತಿಂಗಳಾದ ಮೇಲೆ ಮೇಷ್ಟ್ರು ಅವಳಿಗೆ ಫೋನು ಮಾಡಿ, “ಮನೇಲಿ ಕೂತು ಏನ್ಮಾಡ್ತೀಯಮ್ಮಾ, ಬಾ, ಅವನ ಕುರ್ಚಿ ಖಾಲಿ ಇದೆ” ಎಂದಿದ್ದರು. ಅವಳು ಮಾರನೆಯ ದಿನವೇ ಹೋಗಿದ್ದಳು. ಉಪಕಾರ ಎಂದುಕೊಂಡು ಹೋದದ್ದಲ್ಲ. ಯಾಕೆ ಹೋಗುತ್ತಿದ್ದೇನೆ ಎಂಬುದು ಅವಳಿಗೆ ಚಪ್ಪಲಿ ಮೆಟ್ಟುವಾಗಲೇ ಗೊತ್ತಿತ್ತು. ಹೇಗೆ ಎಂಬುದಷ್ಟೇ ಗೊತ್ತಿರಲಿಲ್ಲ.

ಎಲ್ಲರೂ ಎದ್ದು ಹೋದ ಮೇಲೆ ಮೇಷ್ಟ್ರು ಅವಳನ್ನು ನಿಲ್ಲಿಸಿಕೊಂಡರು. ದನಿ ಇಳಿಸಿದರು.

“ಮುಂದಿನ ಗುರುವಾರಕ್ಕೆ ವರ್ಷ ಆಗುತ್ತೆ ಅಲ್ವಾ?”

“ಹೌದು ಸರ್.”

“ಅವನ ನೆನಪಿಗೆ ಒಂದು ಪೋಸ್ಟ್ ಹಾಕ್ಬೇಕು. ಹೋದ ವರ್ಷದ್ದು ಓದಿದ ಜನ ಕೇಳ್ತಾನೇ ಇದ್ದಾರೆ. ಅದಾದ ಸೋಮವಾರ ಹೊಸ ಕೋರ್ಸು ಬೇರೆ ಶುರು, ಮೂರು ಸಾವಿರ ಜನ ಸೇರಿದ್ದಾರೆ.” ಸ್ವಲ್ಪ ತಡೆದು, “ನೀನೇ ಬರಿ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಎಂದರು.

“ನಿಮ್ಮ ಹೆಸರಲ್ಲಾ ಸರ್?”

“ಮತ್ತೆ? ಅವನು ಹೋಗೋವಾಗ ಕೈ ಹಿಡಿದು ಕೂತಿದ್ದೋನು ನಾನಲ್ವಾ,” ಎಂದರು ಮೇಷ್ಟ್ರು.

ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಗ ಅವಳಿಗೆ ಅರ್ಥವಾಯಿತು: ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ, ಹೇಳಿ ಹೇಳಿ ಈಗ ನಂಬಿಯೇ ಬಿಟ್ಟಿದ್ದಾನೆ.

“ಬರೀತೀನಿ ಸರ್,” ಎಂದಳು.

*

ಕಳೆದ ವರ್ಷ ಆ ಮಧ್ಯಾಹ್ನ ನಡೆದದ್ದು ಇಷ್ಟೇ. ಗಂಡನಿಗೆ ಶ್ವಾಸಕೋಶದ ಸೋಂಕು, ಆಸ್ಪತ್ರೆ ಸೇರಿ ಹತ್ತನೆಯ ದಿನ. ಸುಧಾರಿಸುತ್ತಿದೆ ಎಂದು ಡಾಕ್ಟರು ಬೆಳಿಗ್ಗೆ ಹೇಳಿದ್ದರು. ಮೂಗಿಗೆ ನಳಿಕೆ ಇಟ್ಟುಕೊಂಡೇ ಅವನು ಫೋನಿನಲ್ಲಿ ಏನೋ ಟೈಪು ಮಾಡುತ್ತಿದ್ದ. ಅವಳು ಮೂರು ದಿನದಿಂದ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. “ಹೊರಗೆ ಕುರ್ಚಿ ಮೇಲಾದ್ರೂ ಸ್ವಲ್ಪ ಒರಗಿಕೋ ಹೋಗು, ನಿನ್ನ ಮುಖ ನೋಡಿದ್ರೆ ಪೇಷಂಟು ಯಾರು ಅಂತ ನರ್ಸಿಗೇ ಅನುಮಾನ ಬರುತ್ತೆ,” ಎಂದು ಅವನೇ ಕಳಿಸಿದ. ಅವಳು ಹೋಗಿ ಕೂತಳು. ನಿದ್ದೆ ಹತ್ತಿತು. ಎದ್ದು ಬಾಗಿಲು ತಳ್ಳಿದಾಗ ಫೋನು ನೆಲದ ಮೇಲೆ ಬಿದ್ದಿತ್ತು.

ಮೂರನೆಯ ದಿನ ಮೇಷ್ಟ್ರು ಮನೆಗೆ ಬಂದರು. ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಡದಿದ್ದವಳು ಅವರ ಹತ್ತಿರ ಹೇಳಿದಳು: “ಸರ್, ನಾನು ನಿದ್ದೆ ಮಾಡಿಬಿಟ್ಟೆ. ಅವರ ಹತ್ತಿರ ಯಾರೂ ಇರಲಿಲ್ಲ.” ಮೇಷ್ಟ್ರು ಅವಳ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದರು. ನಲವತ್ತನೆಯ ದಿನ ಬ್ಲಾಗು ಬಂತು. ‘ನನ್ನ ತಮ್ಮನ ಕೈ ನನ್ನ ಕೈಯಲ್ಲಿ ತಣ್ಣಗಾದ ಮಧ್ಯಾಹ್ನ.’ ಅವನ ಹೆಂಡತಿ ಹೊರಗೆ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು, ಎಬ್ಬಿಸಬೇಡಿ ಅಣ್ಣಾ ಎಂದು ಅವನು ಕಣ್ಣಲ್ಲೇ ಹೇಳಿದ, ನಾನು ಕೈ ಹಿಡಿದುಕೊಂಡೆ, ಎಂದೆಲ್ಲ ಇತ್ತು. ಕೊನೆಯಲ್ಲಿ, ಗೆಳೆಯನ ಸಾವು ನನಗೆ ಕಲಿಸಿದ ಏಳು ಪಾಠಗಳು. ಏಳನೆಯ ಪಾಠದ ಕೆಳಗೆ ಕೋರ್ಸಿಗೆ ಹೆಸರು ನೋಂದಾಯಿಸುವ ಗುಂಡಿ.

ಅದನ್ನು ಅತ್ತೆಗೆ ಓದಿ ಹೇಳಿದವಳೂ ಅವಳೇ. ಅತ್ತೆ ನಲವತ್ತು ವರ್ಷ ಬಟ್ಟೆ ಹೊಲಿದು ಒಬ್ಬನೇ ಮಗನನ್ನು ಓದಿಸಿದವರು. ಎಡಗಣ್ಣು ಪೂರ್ತಿ ಹೋಗಿತ್ತು, ಬಲಗಣ್ಣಿನಲ್ಲಿ ಬಾಗಿಲು ಕಿಟಕಿ ತಿಳಿಯುತ್ತಿತ್ತೇ ಹೊರತು ಅಕ್ಷರ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯವರು ಯಾರೋ ಹೇಳಿದ್ದರಂತೆ, ನಿಮ್ಮ ಮಗನ ಬಗ್ಗೆ ದೊಡ್ಡವರೊಬ್ಬರು ಬರೆದಿದ್ದಾರೆ ಎಂದು. “ಓದೇ” ಎಂದರು. ಅವಳು ಓದುತ್ತಾ ಹೋದಳು. ನಡುವೆ ನಿಲ್ಲಿಸುವುದಕ್ಕೆ ಕಾರಣ ಹೇಳಬೇಕಾಗುತ್ತಿತ್ತು. ಮುಗಿದಾಗ ಅತ್ತೆ ಮಗ ಸತ್ತ ಮೇಲೆ ಮೊದಲ ಸಲ ಗೋಡೆಗೆ ಬೆನ್ನು ಕೊಟ್ಟು ಉಸಿರು ಬಿಟ್ಟರು.

“ಒಬ್ಬನೇ ಹೋಗ್ಲಿಲ್ಲ ಹಾಗಾದ್ರೆ. ಪುಣ್ಯಾತ್ಮ, ಹೊಟ್ಟೇಲಿ ಹುಟ್ಟದಿದ್ರೂ ಮಗನೇ ಅವನು.” ಆಮೇಲೆ ಅವಳ ಮೊಣಕಾಲು ತಟ್ಟಿ, “ನೀನು ಮಲಗಿದ್ದೆ ಅಂತ ಬೇಜಾರು ಮಾಡ್ಕೋಬೇಡ. ಅವನಿದ್ನಲ್ಲ,” ಎಂದರು.

ಅಂದಿನಿಂದ ಭಾನುವಾರ ಬಂತೆಂದರೆ, “ಅದನ್ನೇ ಒಂದ್ಸಲ ಓದು” ಎನ್ನುತ್ತಿದ್ದರು. ಅವನ ಹೆಂಡತಿ ಹೊರಗೆ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು, ಎಂದು ಅವಳು ಓದುತ್ತಿದ್ದಳು. ನಲವತ್ತು ಭಾನುವಾರ, ತನ್ನದೇ ಬಾಯಲ್ಲಿ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುತ್ತಾರೆ. ಎಷ್ಟನೆಯದೋ ಭಾನುವಾರ ಅವಳು ಕೋಲಿನ ಆಸೆ ಬಿಟ್ಟಳು.

*

ಆಫೀಸಿನಲ್ಲಿ ಜೋಯಿಸ ಎಂಬ ಅಡ್ಡಹೆಸರಿನವನೊಬ್ಬ ಇದ್ದ. ಓದುಗರು ಯಾವ ಸಾಲಿನವರೆಗೆ ಬಂದರು, ಎಲ್ಲಿ ಎದ್ದು ಹೋದರು ಎಂದು ಗ್ರಾಫು ನೋಡಿ ಹೇಳುವುದು ಅವನ ಕೆಲಸ. ಬರಹ ಹೊರಗೆ ಹೋಗುವ ಮೊದಲೇ, “ಇಲ್ಲಿ ನೂರಕ್ಕೆ ಮೂವತ್ತು ಜನ ಢಮಾರ್” ಎಂದು ಅವನು ಪೆನ್ಸಿಲಿನಲ್ಲಿ ಗೀಟು ಹಾಕಿದರೆ ಬಹುತೇಕ ಅದೇ ಜಾಗದಲ್ಲಿ ಗೆರೆ ಕುಸಿಯುತ್ತಿತ್ತು. ಸೋಮವಾರ ಊಟದ ಬಿಡುವಿನಲ್ಲಿ ಅವಳು ಅವನ ಮೇಜಿಗೆ ಹೋದಳು.

“ಯಾವ ಜಾಗದಲ್ಲಿ ಒಬ್ಬರೂ ಎದ್ದು ಹೋಗಲ್ಲ?”

“ಸತ್ತ ಕಥೆ ಅಂತ ಮೇಷ್ಟ್ರು ಹೇಳ್ತಾರೆ,” ಎಂದ ಜೋಯಿಸ, ಬಾಯಿ ಒರೆಸಿಕೊಳ್ಳುತ್ತಾ. “ಸುಳ್ಳು. ಸತ್ತ ಕಥೇಲೂ ಏಳ್ತಾರೆ, ಎಲ್ರ ಮನೇಲೂ ಸತ್ತಿರ್ತಾರೆ. ತಪ್ಪು ಒಪ್ಪಿಕೊಳ್ಳೋದು ಇದ್ಯಲ್ಲ, ಅಲ್ಲಿ ಏಳಲ್ಲ. ಯಾರಾದ್ರೂ ‘ನಾನು ಹೀಗೆ ಮಾಡಿಬಿಟ್ಟೆ’ ಅಂತ ಶುರು ಮಾಡಿದ್ರೆ ಸಾಕು, ಒಲೆ ಮೇಲೆ ಹಾಲುಕ್ಕಿದ್ರೂ ಕೂತಿರ್ತಾರೆ.”

“ಆಮೇಲೆ ಯಾವಾಗ ಏಳ್ತಾರೆ?”

“ಅವನು ಅತ್ತಾಗ. ಅತ್ನೋ, ಪಾಪ ಅಂತ ಕ್ಷಮಿಸಿಬಿಡ್ತಾರೆ. ಕ್ಷಮಿಸಿದ ಮೇಲೆ ಅಲ್ಲೇನು ಕೆಲಸ? ಎದ್ದು ಹೋಗಿ ಹಾಲು ಒರೆಸ್ತಾರೆ.”

“ಅಳದೇ ಇದ್ರೆ?”

ಜೋಯಿಸ ಡಬ್ಬಿ ಮುಚ್ಚಿದ. “ಹಾಗೆ ಬರೆದೋರನ್ನ ನಾನು ನೋಡಿಲ್ಲ,” ಎಂದ. “ಯಾಕೆ, ಯಾರದ್ದು ಬರೀತಿದ್ದೀರಿ?”

“ಗುರುವಾರದ್ದು.”

ಅವನು ಅವಳ ಮುಖವನ್ನು ಒಂದು ಕ್ಷಣ ನೋಡಿದ. ಆ ಮಧ್ಯಾಹ್ನ ಮೇಷ್ಟ್ರು ಎಲ್ಲಿದ್ದರು ಎಂಬುದು ಆಫೀಸಿನಲ್ಲಿ ಅವನೊಬ್ಬನಿಗೆ ಗೊತ್ತಿತ್ತು. ಪಾಠಗಳನ್ನೆಲ್ಲ ರೆಕಾರ್ಡು ಮಾಡಿ ತಾರೀಖು ಹಾಕಿ ಇಡುವವನು ಅವನೇ. ಒಂದು ವಾರದ ಹಿಂದೆ ಅವಳು ಕೇಳದೆಯೇ, ಹಳೆಯ ಫೈಲುಗಳು ಇರುವ ಜಾಗವನ್ನು ಒಂದು ಚೀಟಿಯಲ್ಲಿ ಬರೆದು ಅವಳ ಕೀಬೋರ್ಡಿನ ಕೆಳಗೆ ಇಟ್ಟಿದ್ದ.

ಆ ಮಧ್ಯಾಹ್ನದ ಪಾಠವನ್ನು ಅವಳು ಕೇಳಿಸಿಕೊಂಡಿದ್ದಳು. ಅವಳು ನಿದ್ದೆ ಹೋಗಿದ್ದ ಹೊತ್ತು, ಮೂರು ಗಂಟೆ ಇಪ್ಪತ್ತು ನಿಮಿಷ. ಮೇಷ್ಟ್ರ ದನಿ: “ಓದುಗ ಅಂದ್ರೆ ಬಸ್‌ಸ್ಟಾಪಲ್ಲಿ ನಿಂತಿರೋ ನೆಂಟ ಇದ್ದಂಗೆ. ಬಸ್ಸು ಬರೋದ್ರೊಳಗೆ ಅವನ ಚೀಲ ಕಿತ್ಕೋಬೇಕು, ಹೋಗೋಕಾಗಲ್ಲ.” ಅದರ ಹಿಂದೆ ಹದಿನಾಲ್ಕು ಜನರ ನಗು. ಅವಳು ಆ ನಗುವನ್ನು ಮತ್ತೆ ಮತ್ತೆ ಹಿಂದಕ್ಕೆಳೆದು ಕೇಳಿದ್ದಳು. ಅದರಲ್ಲಿ ಒಬ್ಬರು ಯಾರೋ ನಕ್ಕು ನಕ್ಕು ಕೆಮ್ಮಿದ್ದರು.

ಬರೆಯುವುದು ಕಷ್ಟವಾಗಲಿಲ್ಲ. ಮೇಷ್ಟ್ರ ದನಿ ಅವಳಿಗೆ ಕರತಲಾಮಲಕವಾಗಿತ್ತು; ಅದು ಎಂದೂ ಮೇಷ್ಟ್ರದ್ದಾಗಿರಲಿಲ್ಲ, ಅವಳ ಗಂಡನದ್ದಾಗಿತ್ತು. ಮೊದಲ ಮೂರು ಪ್ಯಾರಾಗಳಲ್ಲಿ ಅವಳು ಬೆಲ್ಲ ಸುರಿದಳು. ಖಾಲಿ ಕುರ್ಚಿ, ಒಣಗಿದ ಪೆನ್ನು, ವರ್ಷವಾದರೂ ಅಳಿಸಲಾಗದ ಫೋನ್ ನಂಬರು. ಕೊನೆಯ ಸಾಲನ್ನೂ ಬರೆದಿಟ್ಟಳು: ‘ಕೈ ಬಿಡಬೇಡಿ. ಓದುಗನದ್ದೂ, ಗೆಳೆಯನದ್ದೂ.’

ನಡುವೆ ಏನಿದ್ದರೂ ನಡೆಯುತ್ತಿತ್ತು. ಮೇಷ್ಟ್ರು ಯಾವ ಬರಹವನ್ನೂ ಪೂರ್ತಿ ಓದುವವರಲ್ಲ. ಮೊದಲ ಮೂರು ಪ್ಯಾರಾ, ಸರ್ರನೆ ಕೆಳಗಿಳಿಸಿ ಕೊನೆಯ ಸಾಲು. “ತಲೆ ನೋಡು, ಬಾಲ ನೋಡು. ಹೊಟ್ಟೆ ಓದುಗನದ್ದು,” ಎಂದು ಪಾಠದಲ್ಲೂ ಹೇಳುತ್ತಿದ್ದರು. ಆದರೆ ಪ್ರಕಟಿಸುವ ಗುಂಡಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಬರೆಯುವ ಕೈ ಯಾರದ್ದಾದರೂ ಇರಲಿ, ಒತ್ತುವ ಬೆರಳು ತನ್ನದೇ ಆಗಿರಬೇಕು ಎನ್ನುವುದು ಅವರ ಹಟ. ಹಾಗೆ ಒತ್ತಿದಾಗ ತಾನೇ ಬರೆದಂತೆ ಅವರಿಗೆ ಅನಿಸುತ್ತಿತ್ತೋ ಏನೋ.

ಬುಧವಾರ ಮಧ್ಯಾಹ್ನ ಅವಳು ಹೊಟ್ಟೆಯ ಭಾಗಕ್ಕೆ ಬಂದಳು. ನೆನಪಾದದ್ದು ಅತ್ತೆ. ಇದು ಹೊರಬಿದ್ದರೆ ಮೇಷ್ಟ್ರ ಕುರ್ಚಿಯೊಂದೇ ಅಲ್ಲ, ಅತ್ತೆ ಬೆನ್ನು ಕೊಟ್ಟು ಕೂತ ಗೋಡೆಯೂ ಬೀಳುತ್ತದೆ. ಅದರ ಅಡಿಯಲ್ಲಿ ಇರುವುದು ಅವಳ ನಿದ್ದೆ. ಮೇಷ್ಟ್ರು ಸುಳ್ಳಾಗಿಯಾದರೂ ಆ ಕೋಣೆಯಲ್ಲಿ ಇದ್ದುದರಿಂದಲ್ಲವೇ ಆ ನಿದ್ದೆಗೆ ಮಾಫಿ ಸಿಕ್ಕಿದ್ದು?

ಒಂದು ದಾರಿ ಇತ್ತು. ಬರೆಯುತ್ತಿರುವುದು ಮೇಷ್ಟ್ರ ಹೆಸರಿನಲ್ಲಿ. ‘ನಾನು ಅಲ್ಲಿರಲಿಲ್ಲ. ಅವನ ಕೈ ಹಿಡಿದಿದ್ದವಳು ಅವನ ಹೆಂಡತಿ’ ಎಂದು ಬರೆದರೆ ಯಾರು ಬೇಡ ಎನ್ನುತ್ತಾರೆ? ಅತ್ತೆಗೆ ಸಮಾಧಾನವೂ ಉಳಿಯುತ್ತದೆ, ಭಾನುವಾರ ಓದುವುದಕ್ಕೆ ಹೊಸದೊಂದು ಸಿಗುತ್ತದೆ. ಅವಳು ಅದನ್ನು ಬರೆದಳು. ಚೆನ್ನಾಗಿ ಬಂದಿತ್ತು. ತಣ್ಣಗಾಗುತ್ತಿದ್ದ ಬೆರಳುಗಳು, ಕಿಟಕಿಯ ಬಿಸಿಲು, ಅವನು ಆಡಿದ ಕೊನೆಯ ಮಾತು. ಮೆಲ್ಲಗೆ ತನಗೇ ಓದಿಕೊಂಡಳು. ಮೇಷ್ಟ್ರು ಹೋದ ವರ್ಷ ಬರೆದ ಸಾಲುಗಳಂತೆಯೇ ಅದು ಕೇಳಿಸಿತು, ಅದೇ ಲಯ, ಅದೇ ಜಾಗದಲ್ಲಿ ಉಸಿರು. ಪೂರ್ತಿ ಅಳಿಸಿ, ಮತ್ತೆ ಬರೆದಳು. ಈ ಸಲ ವಿಶೇಷಣ ಒಂದನ್ನೂ ಹಾಕಲಿಲ್ಲ.

*

ಗುರುವಾರ ಬೆಳಿಗ್ಗೆ ಒಂಬತ್ತು ಐವತ್ತೈದಕ್ಕೆ ಮೇಷ್ಟ್ರು ಅವಳ ಹಿಂದೆ ನಿಂತು ಓದಿದರು. ಒಣಗಿದ ಪೆನ್ನು ಬಂದಾಗ “ಹ್ಞೂಂ” ಎಂದರು. ಫೋನ್ ನಂಬರಿಗೆ ಕಣ್ಣಿನ ಅಂಚು ಒರೆಸಿಕೊಂಡರು. ಆಮೇಲೆ ಮೌಸು ಕೇಳಿ ಸರ್ರನೆ ಕೆಳಗಿಳಿಸಿದರು. ಹೊಟ್ಟೆ ಬೂದು ಬಣ್ಣದ ಪಟ್ಟಿಯಂತೆ ಹರಿದುಹೋಯಿತು. ‘ಓದುಗನದ್ದೂ, ಗೆಳೆಯನದ್ದೂ.’

“ಅವನ ಹೆಂಡ್ತಿ ಅನ್ನೋದು ಸಾರ್ಥಕ ಮಾಡ್ದೆ,” ಎಂದರು. ಹತ್ತು ಹೊಡೆಯುತ್ತಲೇ ಬೆರಳು ಚಾಚಿ ಒತ್ತಿದರು. ಪಾಠಕ್ಕೆ ಹೊರಟು ಹೋದರು.

ಅವಳು ಕೈಕಟ್ಟಿ ಕೂತಳು. ಜೋಯಿಸ ತನ್ನ ಕುರ್ಚಿಯನ್ನು ಉರುಳಿಸಿಕೊಂಡು ಬಂದು ಪರದೆಯನ್ನು ಅವಳ ಕಡೆ ತಿರುಗಿಸಿದ. ಓದುಗರ ಗೆರೆ ಮೊದಲ ಪ್ಯಾರಾದಲ್ಲಿ ಎಂದಿನಂತೆ ಸ್ವಲ್ಪ ಇಳಿಯಿತು. ನಾಲ್ಕನೆಯದರಲ್ಲಿ ನಿಂತಿತು. ಅಲ್ಲಿಂದ ಮುಂದೆ ಮೇಜಿನ ಅಂಚಿನಂತೆ ನೇರವಾಗಿ ಹೋಯಿತು.

“ಒಬ್ಬರೂ ಏಳ್ತಿಲ್ಲ,” ಎಂದ ಅವನು, ಉಗುರು ಕಚ್ಚುತ್ತಾ. “ಹತ್ತು ವರ್ಷದಲ್ಲಿ ಇಂಥ ಗೆರೆ ನೋಡಿಲ್ಲ ನಾನು. ಕಣ್ಣೀರೇ ಹಾಕಿಸಿಲ್ವಲ್ರೀ ಅವರ ಕೈಲಿ.”

ಹತ್ತು ನಲವತ್ತಕ್ಕೆ ಪಾಠದ ಕೋಣೆಯ ಬಾಗಿಲು ತೆರೆಯಿತು. ಒಳಗೆ ಕೂತ ಕಲಿಯುವವರೇ ಮೇಷ್ಟ್ರಿಗೆ ಫೋನು ತೋರಿಸಿದ್ದರಂತೆ. ಪೋಸ್ಟನ್ನು ತೆಗೆದುಹಾಕುವ ಹೊತ್ತಿಗೆ ಸಾವಿರಾರು ಜನ ಅದರ ಚಿತ್ರ ತೆಗೆದಿಟ್ಟುಕೊಂಡಿದ್ದರು. ಅವರು ಅವಳ ಮೇಜಿನ ಮುಂದೆ ಬಂದು ನಿಂತಾಗ ಆಫೀಸಿನಲ್ಲಿ ಕೀಬೋರ್ಡುಗಳ ಸದ್ದು ಒಂದೊಂದಾಗಿ ಅಡಗಿತು.

“ಏನಮ್ಮಾ ಇದು?”

“ಗುರುವಾರದ ಪೋಸ್ಟು ಸರ್.”

“ಇದು ನಾನು ಬರೆದದ್ದಲ್ಲ.”

“ಹಾಗಂತ ಹಾಕಿಬಿಡಿ ಸರ್.”

ಮೇಷ್ಟ್ರಿಗೆ ಈಗ ಅತ್ತ ದರಿ, ಇತ್ತ ಪುಲಿ. ನಾನು ಬರೆದದ್ದಲ್ಲ ಎಂದರೆ, ಮತ್ತೆ ಯಾರು ಬರೆದದ್ದು ಎಂದು ಜನ ಕೇಳುತ್ತಾರೆ. ಇದೊಂದೇ ಬೇರೆಯವರದ್ದೋ, ಇಷ್ಟು ವರ್ಷದ್ದೂ ಬೇರೆಯವರದ್ದೋ ಎಂದು ಕೇಳುತ್ತಾರೆ. ನಾನೇ ಬರೆದದ್ದು ಎಂದರೆ, ಸತ್ತವನ ಕೈ ಹಿಡಿದ ಕಥೆ ಸುಳ್ಳಾಗುತ್ತದೆ. ನಿಮ್ಮ ಬದುಕನ್ನು ನಿಮ್ಮ ಕೈಯಿಂದಲೇ ಬರೆಯಿರಿ ಎಂಬ ಸಾಲು ಗೋಡೆಯ ಪರದೆಯ ಮೇಲೆ ಹಾಗೇ ಇತ್ತು.

“ಒಂದು ಮಾತು ಹೇಳಿದ್ರೆ ಹಳೇದನ್ನ ತೆಗೀತಿದ್ನಲ್ಲಮ್ಮಾ,” ಎಂದರು.

“ಹೇಳಿದ್ದೆ ಸರ್. ಆ ಪೋಸ್ಟು ಬಂದ ದಿನವೇ ಫೋನ್ ಮಾಡಿದ್ದೆ. ‘ಇಷ್ಟು ಜನ ಓದ್ತಿರೋವಾಗ ತೆಗೆಯೋಕಾಗುತ್ತಾ’ ಅಂದ್ರಿ.”

“ಕಷ್ಟದಲ್ಲಿ ಕರೆದು ಕೆಲಸ ಕೊಟ್ಟೆ ನಿನಗೆ.”

“ಹೌದು ಸರ್. ಕೆಲಸಾನೂ ಕಲಿಸಿಕೊಟ್ರಿ.”

ಹಿಂದೆ ಯಾರೋ ಕೆಮ್ಮಿದಂತೆ ಮಾಡಿ ನಗು ನುಂಗಿದರು. ಮೇಷ್ಟ್ರು ಸುತ್ತ ನೋಡಿದರು. ಆ ನೋಟಕ್ಕಾಗಿ ಅವಳು ಹತ್ತು ತಿಂಗಳು ಕಾದಿದ್ದಳು: ಕೂತವರಲ್ಲಿ ಯಾರು ಯಾರು ಎದ್ದು ಹೋಗುತ್ತಾರೆ ಎಂದು ಹುಡುಕುವ ಕಣ್ಣು. ಅವಳು ಅದನ್ನು ಕಣ್ತುಂಬ ನೋಡಿದಳು. ಮೇಷ್ಟ್ರು ಕಾರಿನ ಕೀಲಿ ತೆಗೆದುಕೊಂಡು ಹೊರಟುಹೋದರು. ಅವಳು ಹಾಸಿಗೆ ಕಂಪನಿಯ ಬ್ಲಾಗು ತೆರೆದು, ಅಜ್ಜಿಯನ್ನು ಸಾಯಿಸದೆಯೇ ಮುಗಿಸಿ, ನಾಲ್ಕು ಗಂಟೆಗೆ ಎದ್ದಳು.

*

ಮನೆಯ ಬಾಗಿಲಲ್ಲಿ ಮೇಷ್ಟ್ರ ಬೂಟುಗಳಿದ್ದವು.

ಮೇಷ್ಟ್ರು ಅತ್ತೆಯ ಎದುರಿನ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು. ಅತ್ತೆ ಗೋಡೆಗೆ ಒರಗಿ ನೆಲದ ಮೇಲೆ, ಎಂದಿನ ಜಾಗದಲ್ಲಿ. ಅವಳ ಹೆಜ್ಜೆ ಕೇಳುತ್ತಲೇ ಮುಖ ತಿರುಗಿಸಿದರು.

“ಬಂದ್ಯಾ? ಇವನು ಏನೇನೋ ಹೇಳ್ತಿದ್ದಾನೆ. ಯಾರೋ ಇವನ ಹೆಸರಲ್ಲಿ ಕಿತಾಪತಿ ಮಾಡಿದ್ದಾರಂತೆ. ನಂಬಬೇಡಿ ಅಮ್ಮಾ ಅಂತಾನೆ. ಏನನ್ನ ನಂಬಬಾರದು ಅಂತ ಗೊತ್ತಾಗದೆ ನಾನು ಹೇಗೆ ನಂಬದೇ ಇರ್ಲಿ? ಅದೇನು ಓದು.”

“ಬೇಡ ಅಮ್ಮಾ,” ಎಂದರು ಮೇಷ್ಟ್ರು. “ಮನಸ್ಸಿಗೆ ನೋವಾಗುತ್ತೆ.”

“ಓದೇ.”

ಅವಳು ಚೀಲ ಕೆಳಗಿಟ್ಟು, ನಿಂತೇ ಫೋನು ತೆಗೆದಳು. ಬರಹದ ಪ್ರತಿ ಅದರಲ್ಲಿತ್ತು. ಬೆಲ್ಲದ ಮೂರು ಪ್ಯಾರಾ ಬಿಟ್ಟು ನಾಲ್ಕನೆಯದರಿಂದ ಓದಿದಳು.

“ಕಳೆದ ವರ್ಷ ನಾನು ಇಲ್ಲಿ ಬರೆದದ್ದನ್ನು ನೀವು ಓದಿದ್ದೀರಿ. ಅವನ ಕೈ ನನ್ನ ಕೈಯಲ್ಲಿತ್ತು ಎಂದು ಬರೆದಿದ್ದೆ. ಇರಲಿಲ್ಲ. ಆ ಮಧ್ಯಾಹ್ನ ನಾನು ಆಸ್ಪತ್ರೆಗೆ ಹೋಗಿರಲಿಲ್ಲ. ಅದಕ್ಕೆ ಹಿಂದಿನ ಒಂಬತ್ತು ದಿನವೂ ಹೋಗಿರಲಿಲ್ಲ. ಎರಡು ಐವತ್ತಕ್ಕೆ ಅವನಿಗೆ ಒಂದು ಮೆಸೇಜು ಕಳಿಸಿದ್ದೆ. ಕೆಲಸ ಎಲ್ಲಿಗೆ ಬಂತು ಎಂದು ಕೇಳಿದ್ದೆ. ಮುಗೀತಾ ಬಂತು ಸರ್ ಎಂದು ಅವನು ಉತ್ತರ ಕೊಟ್ಟಿದ್ದ. ಮೂರು ಗಂಟೆಗೆ ನಾನು ಪಾಠ ಶುರು ಮಾಡಿದೆ. ಮೂರು ಇಪ್ಪತ್ತಕ್ಕೆ ಒಂದು ಜೋಕು ಹೇಳಿದೆ. ಹದಿನಾಲ್ಕು ಜನ ನಕ್ಕರು. ಅವನ ಹೆಂಡತಿ ಹೊರಗೆ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು. ಅದು ನಿಜ. ಅದನ್ನು ಅವಳು ನನ್ನೊಬ್ಬನಿಗೆ ಹೇಳಿದ್ದಳು. ಅವನು ಸಾಯುವಾಗ ಕೋಣೆಯಲ್ಲಿ ಯಾರೂ ಇರಲಿಲ್ಲ.”

ಫೋನನ್ನು ಚೀಲದ ಮೇಲಿಟ್ಟಳು. ಬೀದಿಯಲ್ಲಿ ಯಾರೋ ಸ್ಕೂಟರು ಒದ್ದು ಒದ್ದು ಚಾಲೂ ಮಾಡಲು ನೋಡುತ್ತಿದ್ದರು.

ಅತ್ತೆ ಮೇಷ್ಟ್ರ ಕಡೆ ತಿರುಗಿ, “ನೀನು ಅಲ್ಲಿ ಇದ್ದ್ಯೋ, ಇಲ್ವೋ?” ಎಂದರು.

“ಅಮ್ಮಾ, ಅವನು ನನಗೆ ಸ್ವಂತ ತಮ್ಮನಿಗಿಂತ ಹೆಚ್ಚು. ಮನಸ್ಸಿನಿಂದ ನಾನು ಆ ಹೊತ್ತು ಅಲ್ಲೇ—”

“ಮನಸ್ಸು ಬಿಡಪ್ಪ. ಕಾಲು ಎಲ್ಲಿತ್ತು?”

ಮೇಷ್ಟ್ರು ಬಗ್ಗಿ ತಮ್ಮ ಕಾಲುಚೀಲಗಳನ್ನು ನೋಡಿಕೊಂಡರು. ಒಂದರ ಹೆಬ್ಬೆರಳಿನ ಹತ್ತಿರ ಸಣ್ಣ ತೂತಿತ್ತು. “ಏಳು,” ಎಂದರು ಅತ್ತೆ. ದನಿ ಏರಿಸಲಿಲ್ಲ. “ನಿನ್ನನ್ನ ಮಗ ಅಂದಿದ್ದೆ. ಅದನ್ನ ಇಲ್ಲೇ ಬಿಟ್ಟು ಹೋಗು.”

ಮೇಷ್ಟ್ರು ಎದ್ದರು. ಬಾಗಿಲಲ್ಲಿ ಬೂಟಿನ ದಾರ ಕಟ್ಟಲು ಕೈ ಬರದೆ, ಹಾಗೇ ಎಳೆದುಕೊಂಡು ಮೆಟ್ಟಿಲಿಳಿದರು. ಅವಳು ಅಲ್ಲಿಯೇ ನಿಂತು ಆ ಸದ್ದನ್ನು ಕೊನೆಯ ಮೆಟ್ಟಿಲಿನವರೆಗೂ ಕೇಳಿಸಿಕೊಂಡಳು. ಸಿಹಿಯಾಗಿತ್ತು. ಗೇಟು ಹಾಕಿಕೊಂಡಿತು.

“ಬಾ ಇಲ್ಲಿ,” ಎಂದರು ಅತ್ತೆ.

ಅವಳು ಹೋಗಿ ಎದುರಿಗೆ ಕೂತಳು. ಮೇಷ್ಟ್ರು ಕೂತಿದ್ದ ಕುರ್ಚಿಯಲ್ಲಿ ಅಲ್ಲ, ನೆಲದ ಮೇಲೆ.

“ಇದನ್ನ ಬರೆದೋಳು ನೀನು.”

“ಹೌದು ಅತ್ತೆ.”

“ಹೋದ ವರ್ಷದ್ದು ಸುಳ್ಳು ಅಂತ ಆಗ್ಲೇ ಗೊತ್ತಿತ್ತು. ಗೊತ್ತಿದ್ದೂ ವಾರ ವಾರ ಓದಿದೆ.”

“ಹೌದು.”

“ನಿದ್ದೆ ಮಾಡಿದ್ದು?”

“ನಿಜ ಅತ್ತೆ.”

ಅತ್ತೆಯ ಮುಖ ಗಟ್ಟಿಯಾಯಿತು. ಬೈಯುತ್ತಾರೆ ಎಂದುಕೊಂಡಳು. ಬೈದರೆ ಕೇಳಿಸಿಕೊಳ್ಳಲು ಸಿದ್ಧವಾಗಿಯೇ ಬೆಳಿಗ್ಗೆ ಮನೆ ಬಿಟ್ಟಿದ್ದಳು.

“ಎಷ್ಟು ಹೊತ್ತು?”

“ಹನ್ನೊಂದು ನಿಮಿಷ. ಕೂತಾಗ ಗಡಿಯಾರ ನೋಡಿದ್ದೆ, ಎದ್ದಾಗಲೂ ನೋಡಿದೆ.”

“ಹನ್ನೊಂದು ನಿಮಿಷ,” ಎಂದರು ಅತ್ತೆ. ಬಟ್ಟೆಯ ಅಂಚನ್ನು ಹಿಡಿದು ನೋಡುವಂತೆ ಆ ಮಾತನ್ನು ಹಿಡಿದು ನೋಡಿದರು. “ಅದು ಎಷ್ಟಾಗುತ್ತೆ ಅಂತ ನನಗೆ ತಿಳೀತಿಲ್ಲ. ಅಳತೆ ತಗೊಳ್ಳದೆ ನಾನು ಯಾವತ್ತೂ ಕತ್ತರಿ ಹಾಕಿದೋಳಲ್ಲ. ಈಗ ಗಂಟೆ ಎಷ್ಟು?”

“ಐದಕ್ಕೆ ಹದಿನೈದಿದೆ.”

“ಹನ್ನೊಂದು ನಿಮಿಷ ಆದಾಗ ಹೇಳು. ಅಲ್ಲಿ ತನಕ ಮಾತಾಡಬೇಡ.”

ಅವಳು ಗೋಡೆಯ ಗಡಿಯಾರದ ಕಡೆ ತಿರುಗಿ ಕೂತಳು. ಸ್ಕೂಟರು ಕಡೆಗೂ ಚಾಲೂ ಆಗಿ ದೂರ ಹೋಯಿತು. ಮೇಲಿನ ಮನೆಯಲ್ಲಿ ಯಾರೋ ನಲ್ಲಿ ಬಿಟ್ಟರು, ನಿಲ್ಲಿಸಿದರು. ಚೀಲದ ಮೇಲಿದ್ದ ಫೋನು ಗುಯ್‌ಗುಟ್ಟುತ್ತಾ ಸ್ವಲ್ಪ ಸ್ವಲ್ಪವೇ ಜಾರಿ ನೆಲಕ್ಕೆ ಬಿತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ. ನಾಲ್ಕು ನಿಮಿಷವಾಯಿತು. ಇನ್ನೂ ಏಳು ಇತ್ತು. ಅತ್ತೆಯ ಬಲಗೈ ಮಡಿಲಿನಲ್ಲಿ ಅಂಗಾತ ಬಿದ್ದಿತ್ತು. ಬೆರಳುಗಳು ಮೆಲ್ಲಗೆ ಮಡಚಿಕೊಂಡು ಏನನ್ನೋ ಹಿಡಿಯುತ್ತಿದ್ದವು, ಬಿಡುತ್ತಿದ್ದವು, ಮತ್ತೆ ಹಿಡಿಯುತ್ತಿದ್ದವು.